30 ದಿನದಲ್ಲಿ 10 ಕೆಜಿ ಅಂತಾರಲ್ಲ, ಆ ಲೆಕ್ಕ ಒಂದ್ಸಲ ಹಾಕಿ ನೋಡೋಣ

ನಮ್ಮ ಏರಿಯಾದಲ್ಲಿ ಕರೆಂಟ್ ಕಂಬ ಒಂದೂ ಖಾಲಿ ಇಲ್ಲ. ಒಂದರ ಮೇಲೆ ಲೇಡೀಸ್ ಪಿಜಿ, ಇನ್ನೊಂದರ ಮೇಲೆ ಮೂಲವ್ಯಾಧಿಗೆ ಗ್ಯಾರಂಟಿ ಔಷಧಿ, ಅದರ ಪಕ್ಕದ್ದರ ಮೇಲೆ ‘30 ದಿನದಲ್ಲಿ 10 ಕೆಜಿ ಇಳಿಸಿ, ಜಿಮ್ ಬೇಡ, ಪಥ್ಯ ಬೇಡ’ ಅಂತ ಹಳದಿ ಪೇಪರು, ಕೆಳಗೊಂದು ವಾಟ್ಸಾಪ್ ನಂಬರು. ನೋಡಿ ನಕ್ಕು ಮುಂದೆ ಹೋಗೋರೇ ಜಾಸ್ತಿ, ಆದ್ರೆ ಮದುವೆ ಫಿಕ್ಸ್ ಆಗಿರೋ ಹುಡುಗಿ, ಮಗು ಆಗಿ ವರ್ಷ ಆದ್ರೂ ಹಳೇ ಚೂಡಿದಾರ್ ಹತ್ತದೇ ಇರೋ ತಾಯಿ, ಶುಗರ್ ಬಾರ್ಡರಲ್ಲಿದೆ ಅಂತ ಡಾಕ್ಟರ್ ಹೆದರಿಸಿ ಕಳಿಸಿರೋ ಅಂಕಲ್ಲು, ಇವರ್ಯಾರೂ ನಗಲ್ಲ, ಮೊಬೈಲ್ ತೆಗೆದು ಫೋಟೋ ಹೊಡ್ಕೋತಾರೆ. ನಾನೂ ಒಂದು ಕಾಲದಲ್ಲಿ ಹೊಡ್ಕೊಂಡಿದ್ದೆ, ಅದಕ್ಕೇ ಹೇಳ್ತಿದೀನಿ.

ಲೆಕ್ಕ ಸಿಂಪಲ್ಲು. ಮೈಯಲ್ಲಿರೋ ಒಂದು ಕೆಜಿ ಕೊಬ್ಬಂದ್ರೆ ಹೆಚ್ಚುಕಮ್ಮಿ 7,700 ಕ್ಯಾಲರಿ. ಹತ್ತು ಕೆಜಿಗೆ 77,000. ಅದನ್ನ 30 ದಿನಕ್ಕೆ ಹಂಚಿದ್ರೆ ದಿನಕ್ಕೆ 2,500ರ ಮೇಲಾಯ್ತು. ಈಗ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಅದೇ ಎನ್‌ಐಎನ್, ಏನು ಹೇಳುತ್ತೆ ಅಂದ್ರೆ ಕೂತು ಕೆಲಸ ಮಾಡೋ ಹೆಂಗಸಿಗೆ ಇಡೀ ದಿನಕ್ಕೆ ಬೇಕಾಗೋದು 1,660 ಕ್ಯಾಲರಿ, ಗಂಡಸಿಗೆ 2,110. ಅಂದ್ರೆ ತಿಂಗಳು ಪೂರ್ತಿ ಬರೀ ನೀರು ಕುಡ್ಕೊಂಡು ಕೂತ್ರೂ 10 ಕೆಜಿ ಕೊಬ್ಬು ಕರಗಲ್ಲ. ಆ ಹಳದಿ ಪೇಪರಿನ ಲೆಕ್ಕ ಉಪವಾಸ ಸತ್ಯಾಗ್ರಹಕ್ಕೂ ಕೂಡಿ ಬರಲ್ಲ.

ಹಂಗಾದ್ರೆ ಮೊದಲನೇ ವಾರ ಮೂರು ಕೆಜಿ ಇಳೀತು ಅಂತಾರಲ್ಲ, ಅದು ಸುಳ್ಳಾ? ಸುಳ್ಳಲ್ಲ, ಮಷಿನ್ ಕರೆಕ್ಟಾಗೇ ತೋರಿಸ್ತಿರುತ್ತೆ, ಇಳಿದಿದ್ದೇನು ಅನ್ನೋದು ಬೇರೆ ಪ್ರಶ್ನೆ. ನಮ್ಮ ಲಿವರಲ್ಲಿ, ಮಾಂಸಖಂಡದಲ್ಲಿ ಗ್ಲೈಕೊಜೆನ್ ಅಂತ ಸಕ್ಕರೆ ಸ್ಟಾಕ್ ಇರುತ್ತೆ, ಒಟ್ಟು ಅರ್ಧ ಕೆಜಿ ಆಸುಪಾಸು, ಅದರ ಒಂದೊಂದು ಗ್ರಾಂ ಜೊತೆ ಮೂರು ಗ್ರಾಂನಷ್ಟು ನೀರು ಅಂಟ್ಕೊಂಡಿರುತ್ತೆ. ಅನ್ನ ಚಪಾತಿ ಎಲ್ಲ ಬಿಟ್ಟು ನಾಕು ದಿನ ಕಳೆದ್ರೆ ಸ್ಟಾಕೂ ಖಾಲಿ, ಆ ನೀರೂ ಖಾಲಿ, ಮಷಿನ್ ಮೇಲೆ ನಿಂತ್ರೆ ಖುಷಿಯೋ ಖುಷಿ. ಐದನೇ ದಿನ ಯಾರದ್ದೋ ಗೃಹಪ್ರವೇಶದಲ್ಲಿ ಬಿಸಿಬೇಳೆಬಾತ್ ತಿಂದ್ರೆ ಅರ್ಧ ವಾಪಸ್. ಇಷ್ಟು ದಿನ ಪಟ್ಟ ಕಷ್ಟ ಎಲ್ಲ ಒಂದು ತುತ್ತಿಗೆ ಹೋಯ್ತು ಅನ್ಸುತ್ತೆ. ನಿಜವಾಗಿ ಬಂದಿದ್ದೂ ನೀರು, ಹೋಗಿದ್ದೂ ನೀರು.

ನೀರು ಹೋದ್ರೆ ಚಿಂತೆ ಇಲ್ಲ. ಹೆದರಬೇಕಾಗಿರೋದು ಅದರ ಹಿಂದೆ ಹೋಗೋದಕ್ಕೆ, ಮಾಂಸಖಂಡಕ್ಕೆ. ತೀರಾ ಕಮ್ಮಿ ತಿಂದ್ಕೊಂಡು, ಪ್ರೋಟೀನೂ ಇಲ್ಲದೆ, ಮೈಗೆ ಕೆಲಸವನ್ನೂ ಕೊಡದೆ ಇಳಿಸಿದ್ರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ, ಮತ್ತೆ ತೂಕ ಬಂದಾಗ ಕೊಬ್ಬು ಸುಲಭಕ್ಕೆ ಬರುತ್ತೆ, ಮಾಂಸಖಂಡ ಅಷ್ಟು ಸುಲಭಕ್ಕೆ ಬರಲ್ಲ. ನಮ್ಮವರಿಗೆ ಇದು ಡಬಲ್ ಹೊಡೆತ. ಯಾಕೆ ಅಂತ ಹೇಳಕ್ಕೆ ನಂಗೆ ತುಂಬಾ ಇಷ್ಟ ಆಗೋ ಒಂದು ಉದಾಹರಣೆ ಇದೆ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತೆ ಅವರ ಜೊತೆ ಕೆಲಸ ಮಾಡಿದ ಇಂಗ್ಲೆಂಡಿನ ಡಾಕ್ಟರ್ ಯುಡ್ಕಿನ್, ಇಬ್ಬರೂ ಅಕ್ಕಪಕ್ಕ ನಿಂತು ಫೋಟೋ ತೆಗೆಸ್ಕೊಂಡು 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಹಾಕಿದ್ರು. ಇಬ್ಬರದ್ದೂ ಬಿಎಂಐ, ಅಂದ್ರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಒಂದೇ, 22.3. ಆದ್ರೆ ಮೈಯಲ್ಲಿರೋ ಕೊಬ್ಬಿನ ಪಾಲು ಯುಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ನೋಡಕ್ಕೆ ತೆಳ್ಳಗೆ, ಒಳಗೆ ಕೊಬ್ಬು, ಮಾಂಸಖಂಡ ಕಮ್ಮಿ, ಇದು ಭಾರತೀಯರ ಮೈಕಟ್ಟು. ಇರೋದೇ ಕಮ್ಮಿ, ಅದನ್ನೂ ಕ್ರ್ಯಾಶ್ ಡಯಟ್ ಮಾಡಿ ಕಳ್ಕೊಂಡ್ರೆ ಮಷಿನ್ ಮೇಲೆ ಹಗುರ ಆಗಿರ್ತೀವಿ, ಶುಗರ್ ವಿಷಯದಲ್ಲಿ ಎಷ್ಟು ಸುಧಾರಿಸಿದೀವಿ ಅನ್ನೋದಕ್ಕೆ ಆ ಮಷಿನ್ ಗ್ಯಾರಂಟಿ ಕೊಡಲ್ಲ.

ಇದೇ ಕಾರಣಕ್ಕೆ ನಮ್ಮ ಕಡೆಯವರಿಗೆ ಬಿಎಂಐ ಗೆರೆಯನ್ನೂ ಕೆಳಗಿಟ್ಟಿದಾರೆ, 23 ದಾಟಿದ್ರೆ ತೂಕ ಜಾಸ್ತಿ, 25 ದಾಟಿದ್ರೆ ಬೊಜ್ಜು. ಅದಕ್ಕಿಂತ ಉಪಯೋಗಕ್ಕೆ ಬರೋದು ಟೈಲರ್ ಟೇಪು. ಹೊಟ್ಟೆ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90, ಅದರೊಳಗಿದ್ರೆ ಒಳ್ಳೇದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಬಿಎಂಐ 25 ದಾಟಿರೋರು ಹೆಂಗಸರಲ್ಲೂ ಗಂಡಸರಲ್ಲೂ ನೂರಕ್ಕೆ ಸುಮಾರು 30 ಜನ. ಸೋ ಇದು ಬರೀ ರೀಲ್ಸ್ ನೋಡೋ ಹುಡುಗಿಯರ ತಲೆನೋವು ಅಂತ ತಳ್ಳಿಹಾಕೋ ಹಂಗಿಲ್ಲ, ನೂರಕ್ಕೆ 30 ಅಂದ್ರೆ ಅದರಲ್ಲಿ ಹೊಲಕ್ಕೆ ಬೈಕಲ್ಲಿ ಹೋಗೋರೂ ಇದಾರೆ.

ಎನ್‌ಐಎನ್ 2024ರಲ್ಲಿ ಬಿಟ್ಟ ಆಹಾರ ಮಾರ್ಗಸೂಚೀಲಿ ಹೇಳಿರೋ ಸ್ಪೀಡು ವಾರಕ್ಕೆ ಅರ್ಧ ಕೆಜಿ, ಎಷ್ಟೇ ಪಥ್ಯ ಮಾಡಿದ್ರೂ ದಿನಕ್ಕೆ 1,000 ಕ್ಯಾಲರಿಗಿಂತ ಕೆಳಗೆ ಇಳೀಬೇಡಿ ಅಂತಾನೂ ಇದೆ. ವಾರಕ್ಕೆ ಅರ್ಧ ಕೆಜಿ ಅಂದ್ರೆ ದಿನಕ್ಕೆ 550 ಕ್ಯಾಲರಿ ಆಸುಪಾಸು ಕಮ್ಮಿ ಆಗ್ಬೇಕು. ಅದೂ ಸಣ್ಣ ವಿಷಯ ಏನಲ್ಲ. ತುಂಬಾ ಜನಕ್ಕೆ ಅದರ ಅರ್ಧ ಆದ್ರೂ ಸಾಕು.

ಅಡುಗೆಮನೆ ಲೆಕ್ಕದಲ್ಲೇ ನೋಡಿ. ಒಂದು ಲೀಟರ್ ಅಡುಗೆ ಎಣ್ಣೆ ಪ್ಯಾಕೆಟ್ಟಲ್ಲಿ 8,000 ಕ್ಯಾಲರಿ ಮೇಲಿರುತ್ತೆ. ನಾಲ್ಕು ಜನ ಇರೋ ಮನೇಲಿ ತಿಂಗಳಿಗೆ ನಾಲ್ಕು ಪ್ಯಾಕೆಟ್ ಬರ್ತಿದ್ದಿದ್ದು ಮೂರಾದ್ರೆ ತಲೆಗೆ 2,000 ಕ್ಯಾಲರಿ ಉಳೀತು, ಅಂದ್ರೆ ಕಾಗದದ ಮೇಲೆ ತಿಂಗಳಿಗೆ ಕಾಲು ಕೆಜಿ, ವರ್ಷಕ್ಕೆ ಮೂರು ಕೆಜಿ. ನಿಜ ಜೀವನದಲ್ಲಿ ಅಷ್ಟು ನೀಟಾಗಿ ಇಳಿಯಲ್ಲ, ತೂಕ ಕಮ್ಮಿ ಆದಂಗೆ ದೇಹದ ಖರ್ಚೂ ಕಮ್ಮಿ ಆಗುತ್ತೆ, ಆದ್ರೂ ಯಾರಿಗೂ ಗೊತ್ತೇ ಆಗದ ಹಂಗೆ ಮಾಡಬಹುದಾದ ಕೆಲಸ ಇದು. ಪ್ರಧಾನಿ 2025ರ ಫೆಬ್ರವರಿ ಮನ್ ಕಿ ಬಾತ್‌ನಲ್ಲಿ ಎಣ್ಣೆ 10% ಕಮ್ಮಿ ಮಾಡಿ ಅಂತ ಹೇಳಿ, ಮಾರನೇ ದಿನ ಎಕ್ಸ್‌ನಲ್ಲಿ ಹತ್ತು ಜನರ ಹೆಸರು ಹಾಕಿದ್ರು, ನಮ್ಮ ಸುಧಾ ಮೂರ್ತಿ, ನಂದನ್ ನಿಲೇಕಣಿ ಇಬ್ರೂ ಅದರಲ್ಲಿದ್ರು. ಆಮೇಲೆ ಎಷ್ಟು ಮನೇಲಿ ಪೂರಿ ಬಾಣಲೆ ಕೆಳಗಿಳೀತೋ ದೇವರಿಗೇ ಗೊತ್ತು.

ರಾಗಿ ಬಗ್ಗೆ ಒಂದು ಮಾತು ಹೇಳ್ದೆ ಮುಂದೆ ಹೋಗಕ್ಕಾಗಲ್ಲ, ಯಾಕಂದ್ರೆ ಮುದ್ದೆ ತಿಂದ್ರೆ ಸಣ್ಣ ಆಗ್ತಾರೆ ಅನ್ನೋದು ನಮ್ಮಲ್ಲಿ ಧರ್ಮದ ಹಂಗೆ ಆಗೋಗಿದೆ. 100 ಗ್ರಾಂ ರಾಗೀಲಿ 320 ಕ್ಯಾಲರಿ, ಅಕ್ಕೀಲಿ 355, ವ್ಯತ್ಯಾಸ ಅಷ್ಟೇ. ನಾರಿನಂಶ ಮಾತ್ರ ರಾಗೀಲಿ 11 ಗ್ರಾಂ, ಪಾಲಿಶ್ ಅಕ್ಕೀಲಿ ಮೂರೂ ಇಲ್ಲ, ಅದಕ್ಕೇ ಹೊಟ್ಟೆ ತುಂಬಿದಂಗೆ ಇರುತ್ತೆ, ಸೊಪ್ಪಿನ ಬಸ್ಸಾರು ಜೊತೆಗಿದ್ರಂತೂ ಇನ್ನೂ ಒಳ್ಳೇದು. ಹಂಗಂತ ತೆಂಗಿನಕಾಯಿ ಗಾತ್ರದ ಎರಡು ಮುದ್ದೆ, ಮೇಲೆ ಮಜ್ಜಿಗೆ ಅನ್ನ ತಿಂದು ‘ನಾನು ರಾಗೀನೇ ತಿನ್ನೋದು’ ಅಂದ್ರೆ ರಾಗಿ ಏನ್ ಮಾಡುತ್ತೆ ಪಾಪ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ನಿಧಾನಕ್ಕೆ ಇಳಿಸಿ ಅಂತ ಎಲ್ಲಾ ಡಾಕ್ಟರೂ ಹೇಳ್ತಾರೆ, ಆದ್ರೆ ನಿಧಾನ ಯಾಕಿಷ್ಟು ಕಷ್ಟ ಅಂತ ಯಾರೂ ಹೇಳಲ್ಲ. ನಾಲಗೆ ಕಟ್ಟೋದು ಕಷ್ಟ ಅಂತ ನಾನೂ ಅಂದ್ಕೊಂಡಿದ್ದೆ. ಅದಕ್ಕಿಂತ ಕಷ್ಟ ಮಷಿನ್ ಓದೋದು.

ನನ್ನ ಬಾತ್ರೂಮ್ ಪಕ್ಕ ಒಂದು ಗಾಜಿನ ತೂಕದ ಮಷಿನ್ ಇದೆ, ಅದರ ಮೇಲೆ ಗೋಡೆಗೆ ಹಾಲಿನವನ ಕ್ಯಾಲೆಂಡರು, ಅದರಲ್ಲೇ ಪೆನ್ಸಿಲಲ್ಲಿ ಬರೀತೀನಿ. ಕಳೆದ ವರ್ಷದ ಒಂದು ವಾರ ಹಿಂಗಿದೆ: ಸೋಮವಾರ 74.2, ಮಂಗಳವಾರ 74.0, ಬುಧವಾರ 74.4, ಗುರುವಾರ 75.9. ಬುಧವಾರ ಮಧ್ಯಾಹ್ನ ಒಂದು ಮದುವೆ ಊಟ ಆಗಿತ್ತು, ಹೋಳಿಗೆ ತುಪ್ಪ, ಎರಡು ಥರ ಪಲ್ಯ, ಉಪ್ಪಿನಕಾಯಿ, ಹಪ್ಪಳ, ಎಲೆ ಖಾಲಿ ಮಾಡೇ ಎದ್ದಿದ್ದೆ. ಒಂದೂವರೆ ಕೆಜಿ ಕೊಬ್ಬು ಒಂದು ಊಟಕ್ಕೆ ಬರ್ಬೇಕಂದ್ರೆ 11,500 ಕ್ಯಾಲರಿ ಹೆಚ್ಚಿಗೆ ತಿನ್ಬೇಕು, ಅಷ್ಟು ಹೋಳಿಗೆ ಬಡಿಸೋರೂ ಇಲ್ಲ, ತಿನ್ನೋರೂ ಇಲ್ಲ. ಉಪ್ಪು ನೀರು ಹಿಡ್ಕೊಂಡಿರುತ್ತೆ, ಊಟ ಇನ್ನೂ ಹೊಟ್ಟೇಲೇ ಇರುತ್ತೆ, ಹೆಂಗಸರಿಗೆ ಪೀರಿಯಡ್ಸ್ ಹತ್ತಿರ ಇದ್ರೆ ಅದರದ್ದೇ ನೀರು ಬೇರೆ. ಭಾನುವಾರ ಬೆಳಿಗ್ಗೆ ಬರೆದಿರೋದು 73.9.

ಈಗ ಯೋಚನೆ ಮಾಡಿ. ಒಳ್ಳೆ ವಾರದಲ್ಲಿ ನಿಜವಾಗಿ ಇಳಿಯೋದು ಅರ್ಧ ಕೆಜಿ, ದಿನದಿಂದ ದಿನಕ್ಕೆ ಆಗೋ ಏರಿಳಿತ ಒಂದೂವರೆ ಎರಡು ಕೆಜಿ. ಅಂದ್ರೆ ಸುದ್ದಿಗಿಂತ ಗದ್ದಲ ಮೂರು ಪಟ್ಟು. ಮೂರ್ನಾಲ್ಕು ವಾರ ಸುಮ್ಮನೆ ಬರ್ಕೊಂಡು ಹೋಗದೆ ಇಳೀತಿದೆಯೋ ಇಲ್ವೋ ಅನ್ನೋದೇ ಗೊತ್ತಾಗಲ್ಲ. ತನ್ನ ಮೈ ಬಗ್ಗೆ ಅಸಹ್ಯ ಇಟ್ಕೊಂಡಿರೋರು ಗುರುವಾರದ 75.9 ನೋಡಿದ್ರೆ ಏನ್ ಮಾಡ್ತಾರೆ? ಒಂದೋ ಆವತ್ತು ಊಟ ಬಿಡ್ತಾರೆ, ರಾತ್ರಿ ಹತ್ತಕ್ಕೆ ಹಸಿವು ತಡೀಲಾರದೆ ಮಿಕ್ಸ್ಚರ್ ಡಬ್ಬಕ್ಕೆ ಕೈ ಹಾಕ್ತಾರೆ, ಇಲ್ಲಾ ‘ನನ್ ಹಣೆಬರಹಾನೇ ಇಷ್ಟು’ ಅಂತ ಆ ವಾರವೇ ಕೈಬಿಡ್ತಾರೆ. ಮೈ ಜೊತೆ ಜಗಳ ಇಲ್ದೇ ಇರೋರು ‘ಓ ನಿನ್ನೆ ಮದುವೆ ಊಟ’ ಅಂತ ಬರೆದಿಟ್ಟು ಸ್ನಾನಕ್ಕೆ ಹೋಗ್ತಾರೆ. ಬಾಡಿ ಪಾಸಿಟಿವ್ ಅಂದ್ರೆ ಕನ್ನಡಿ ಮುಂದೆ ನಿಂತು ನಾನೇ ಸುಂದರಿ ಅಂತ ಹೇಳ್ಕೊಳ್ಳೋದು ಅಂತ ತುಂಬಾ ಜನ ಅಂದ್ಕೊಂಡಿದಾರೆ, ನಂಗದು ಯಾವತ್ತೂ ಬರ್ಲಿಲ್ಲ, ಬರೋದೂ ಇಲ್ಲ. ನಂಗೆ ಅದು ಪೆನ್ಸಿಲ್ ಹಿಡ್ಕೊಂಡು 75.9 ಅಂತ ಬರೆಯೋ ಧೈರ್ಯ, ಅಷ್ಟೇ. ಅದಿಲ್ದೆ ನಿಧಾನಕ್ಕೆ ಇಳಿಸೋ ಕೆಲಸ ನಡೆಯೋದೇ ಇಲ್ಲ, ಯಾಕಂದ್ರೆ ನಿಧಾನ ಅಂದ್ರೆ ಇನ್ನೂ ಒಂದು ವರ್ಷ ಇದೇ ಮೈಯಲ್ಲಿ ಇರ್ಬೇಕು, ಇದೇ ಮೈಯನ್ನ ವಾಕಿಂಗ್ ಕರ್ಕೊಂಡು ಹೋಗ್ಬೇಕು, ಇದಕ್ಕೇ ಹೊಸ ಬಟ್ಟೆ ಹೊಲಿಸಿ ಫಂಕ್ಷನ್‌ಗೆ ಹೋಗ್ಬೇಕು.

ಫಂಕ್ಷನ್ ಅಂದೆ ನೋಡಿ, ಅಲ್ಲೇ ಇರೋದು ಮಜಾ. ಅದೇ ಮದುವೇಲಿ ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸೋರ ಪಕ್ಕದಲ್ಲೇ ನಮ್ಮ ದೊಡ್ಡಮ್ಮ ನಿಂತಿದ್ರು. ನನ್ನ ತೋಳು ಹಿಡಿದು ಮೆತ್ತಗೆ ಒತ್ತಿ, ‘ಏನೇ ಇಷ್ಟು ದಪ್ಪ ಆಗೋಗಿದೀಯ, ಗಂಡನ ಮನೆ ಅನ್ನ ಚೆನ್ನಾಗಿ ಮೈಗೆ ಹಿಡಿದಿದೆ’ ಅಂದ್ರು. ಪ್ರೀತಿಯಿಂದಾನೇ ಅಂದಿದ್ದು, ಆಮೇಲೆ ಪಂಕ್ತೀಲಿ ಪಕ್ಕ ಕೂತು ‘ಇನ್ನೊಂದು ಹೋಳಿಗೆ ಹಾಕಪ್ಪಾ ಇವಳಿಗೆ’ ಅಂದಿದ್ದೂ ಅವರೇ. ಆರು ತಿಂಗಳ ಮೇಲೆ ನಾಲ್ಕು ಕೆಜಿ ಇಳಿಸ್ಕೊಂಡು ಹೋದೆ, ಮುಖ ನೋಡಿದ ತಕ್ಷಣ, ‘ಯಾಕಮ್ಮಾ ಸೊರಗಿದೀಯ, ಶುಗರ್ ಏನಾದ್ರೂ ಬಂತಾ?’

ಕನ್ನಡದಲ್ಲಿ ಮೈ ಬಗ್ಗೆ ಮಾತಾಡೋದು ಯಾವತ್ತೂ ಮರ್ಯಾದೆಗೆಟ್ಟ ವಿಷಯ ಆಗಿರ್ಲಿಲ್ಲ, ಅದು ಕ್ಷೇಮಸಮಾಚಾರದ ಭಾಗ. ಮೈಕೈ ತುಂಬ್ಕೊಂಡಿದಾಳೆ ಅಂದ್ರೆ ಹೊಗಳಿಕೆ, ಕಡ್ಡಿ ಥರ ಆಗಿದಾಳೆ ಅಂದ್ರೆ ಮರುಕ. ಹಸಿವು ಕಂಡ ತಲೆಮಾರಿನ ಮಾತುಗಳು ಅವು. ಈಗ ಅದೇ ಬಾಯಲ್ಲಿ ಹಳೇ ಅಳತೆಗೋಲೂ ಇದೆ, ಟಿವಿ ಮೊಬೈಲಿಂದ ಬಂದ ಹೊಸ ಅಳತೆಗೋಲೂ ಇದೆ, ಎರಡರಿಂದಾನೂ ಅಳೆದು ಎರಡರಲ್ಲೂ ಫೇಲ್ ಮಾಡ್ತಾರೆ. ಅದಕ್ಕೆ ಬೇಜಾರು ಮಾಡ್ಕೋಬೇಡಿ ಅಂತ ನಾನು ಹೇಳಲ್ಲ, ಬೇಜಾರಾಗೇ ಆಗುತ್ತೆ. ತೂಕದ ಬಗ್ಗೆ ಹಂಗಿಸಿದ್ರೆ ಜನ ಜಾಸ್ತಿ ತಿಂತಾರೆ, ಜಿಮ್ಮು ಪಾರ್ಕಿಗೆ ಹೋಗಕ್ಕೆ ಹಿಂಜರೀತಾರೆ, ಡಾಕ್ಟರ್ ಹತ್ರ ಹೋಗೋದನ್ನೂ ಮುಂದಕ್ಕೆ ಹಾಕ್ತಾರೆ ಅಂತ ಸಂಶೋಧನೆಗಳೂ ಹೇಳ್ತಾವೆ. ಹಂಗಿಸಿದ್ರೆ ರೋಷ ಬಂದು ಇಳಿಸ್ತಾರೆ ಅನ್ನೋದು ಹಂಗಿಸೋರ ನಂಬಿಕೆ ಅಷ್ಟೇ.

ಇಲ್ಲಿ ನನ್ನ ವಾದಕ್ಕೇ ಅಡ್ಡ ಬರೋ ಒಂದು ವಿಷಯ ಮುಚ್ಚಿಡಬಾರದು. ನಿಧಾನಕ್ಕೆ ಇಳಿಸಿದ್ರೆ ತೂಕ ವಾಪಸ್ ಬರಲ್ಲ ಅಂತ ಎಲ್ಲರೂ ಹೇಳ್ತಾರಲ್ಲ, 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಮೆಲ್ಬೋರ್ನಿನ ಒಂದು ಅಧ್ಯಯನ ಅದನ್ನ ಪರೀಕ್ಷೆ ಮಾಡಿ ನೋಡ್ತು. 200 ಜನ, ಅರ್ಧ ಜನಕ್ಕೆ 12 ವಾರದಲ್ಲಿ ಸರ್ರನೆ, ಇನ್ನರ್ಧ ಜನಕ್ಕೆ 36 ವಾರದಲ್ಲಿ ನಿಧಾನಕ್ಕೆ. ಆಮೇಲೆ ಸುಮಾರು ಮೂರು ವರ್ಷ ಫಾಲೋ ಮಾಡಿದ್ರು. ಇಳಿಸಿದ್ದರಲ್ಲಿ 71% ಆಸುಪಾಸು ವಾಪಸ್ ಬಂತು, ಎರಡೂ ಗುಂಪಿಗೆ! ಗುರಿ ಮುಟ್ಟಿದವರೂ ಬೇಗ ಇಳಿಸಿದ ಗುಂಪಲ್ಲೇ ಜಾಸ್ತಿ. ಅದು ಡಾಕ್ಟರ್ ಡಯಟೀಶಿಯನ್ ಕಣ್ಣೆದುರು, ಪೋಷಕಾಂಶ ಲೆಕ್ಕ ಹಾಕಿ ಮಾಡಿದ್ದು, ಕಂಬದ ಪೇಪರಿನವನ ಪುಡಿ ಅಲ್ಲ, ಆ ವ್ಯತ್ಯಾಸ ಇದೆ. ಆದ್ರೂ ನಿಧಾನಕ್ಕೆ ಅಂಥ ಮಂತ್ರಶಕ್ತಿ ಏನಿಲ್ಲ ಅನ್ನೋದು ಒಪ್ಕೋಬೇಕು. ನಿಧಾನದಿಂದ ಲಾಭ ಏನಪ್ಪಾ ಅಂದ್ರೆ ಇಳಿಸ್ತಿರೋ ಕಾಲದ ಊಟ, ಇಳಿಸಿದ ಮೇಲಿನ ಊಟ ಎರಡೂ ಒಂದೇ ಆಗಿರುತ್ತೆ, ಮದುವೆ, ಶ್ರಾವಣ, ಗೌರಿ ಹಬ್ಬ, ಆಫೀಸ್ ಪಾರ್ಟಿ ಎಲ್ಲ ನಡುವೆ ಬಂದು ಹೋಗಿರುತ್ತೆ, ಅಭ್ಯಾಸ ಆಗಿರುತ್ತೆ. ಮೂರು ತಿಂಗಳ ಪಥ್ಯದಲ್ಲಿ ಹಬ್ಬ ಅಂದ್ರೆ ಶತ್ರು.

ನನ್ನದೇ ಕಥೆ ಹೇಳ್ಬೇಕಂದ್ರೆ, ಕೆಲವು ವರ್ಷದ ಹಿಂದೆ ಒಂದು ಸೆಂಟರಿಗೆ ಸೇರಿ ಬೆಳಿಗ್ಗೆ ರಾತ್ರಿ ಎರಡು ಹೊತ್ತೂ ಪುಡಿ ಕಲಸ್ಕೊಂಡು ಕುಡಿದು ಎರಡು ತಿಂಗಳಲ್ಲಿ ಎಂಟು ಕೆಜಿ ಇಳಿಸಿದೆ. ಅವರ ವಾಟ್ಸಾಪ್ ಗ್ರೂಪಲ್ಲಿ ನನ್ನ ಬಿಫೋರ್ ಆಫ್ಟರ್ ಫೋಟೋನೂ ಹಾಕಿದ್ರು. ಇನ್ನೆರಡು ತಿಂಗಳಿಗೆ ತಲೆ ಬಾಚಿದ್ರೆ ಕೂದಲು ಉಂಡೆ ಉಂಡೆ ಕೈಗೆ ಬರ್ತಿತ್ತು. ಗಾಬರಿ ಬಿದ್ದು ಸ್ಕಿನ್ ಡಾಕ್ಟರ್ ಹತ್ರ ಹೋದ್ರೆ ಅವರು ಮೊದಲು ಕೇಳಿದ್ದೇ ‘ಎರಡು ಮೂರು ತಿಂಗಳ ಹಿಂದೆ ಡಯಟ್ ಮಾಡಿದ್ರಾ?’ ಅಂತ. ತೀರಾ ಬೇಗ ಇಳಿಸಿದ್ರೆ ಪಿತ್ತಕೋಶದಲ್ಲಿ ಕಲ್ಲಾಗೋ ಚಾನ್ಸೂ ಜಾಸ್ತಿ, ನಂಗೆ ಅದಾಗ್ಲಿಲ್ಲ ಪುಣ್ಯಕ್ಕೆ. ವರ್ಷ ತುಂಬೋದ್ರೊಳಗೆ ಎಂಟು ಹೋಗಿ ಹತ್ತು ಕೆಜಿ ವಾಪಸ್ ಬಂತು. ಆಫ್ಟರ್ ನಂತರದ ಫೋಟೋ ಆ ಗ್ರೂಪಲ್ಲಿ ಯಾರೂ ಕೇಳ್ಲಿಲ್ಲ.

ಇದಕ್ಕಿಂತ ಭಯಂಕರ ದಾರಿಗಳೂ ಇವೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸೋ ಸರ್ಜರಿಗೆ ಹೋಗಿ ಜೀವ ಕಳ್ಕೊಂಡ್ರು. ಆ ಸುದ್ದಿ ಕೆಳಗೆ ಕಾಮೆಂಟಲ್ಲಿ ಜನ ಆ ಹುಡುಗಿಗೇ ಬೈದಿದ್ದು ನೋಡಿ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ. ಸ್ಕ್ರೀನ್ ಮೇಲೆ ಸ್ವಲ್ಪ ದಪ್ಪ ಕಂಡ್ರೆ ‘ಆಂಟಿ’ ಅಂತ ಬರೆಯೋರೂ ಇಂಥವರೇ ತಾನೇ.

ಇನ್ನು ತೂಕ ಇಳಿಸೋ ಇಂಜೆಕ್ಷನ್ನು. 2025ರ ಮಾರ್ಚಲ್ಲಿ ಮೌಂಜಾರೊ, ಜೂನಲ್ಲಿ ವೆಗೋವಿ ಭಾರತಕ್ಕೆ ಬಂತು, 2026ರ ಮಾರ್ಚಿಗೆ ವೆಗೋವಿಯಲ್ಲಿರೋ ಔಷಧಿ ಸೆಮಾಗ್ಲುಟೈಡ್‌ನ ಪೇಟೆಂಟ್ ಇಲ್ಲಿ ಮುಗೀತು, ಪೇಟೆಂಟ್ ಮುಗಿದ್ರೆ ನಮ್ಮ ಕಂಪನಿಗಳೂ ಮಾಡಬಹುದು, ರೇಟ್ ಇಳಿಯುತ್ತೆ, ಕಂಬದ ಪೇಪರಿನವನಿಗೂ ಕೈಗೆಟುಕುತ್ತೆ ಅನ್ನೋದೇ ಭಯ. ಔಷಧಿ ಮಾತ್ರ ಕಂಬದ ಪುಡಿ ಥರ ಬೋಗಸ್ ಅಲ್ಲ. ಹಸಿವನ್ನ, ಊಟದ ಬಗ್ಗೆ ತಲೇಲಿ ನಡೀತಾನೇ ಇರೋ ಗುನುಗನ್ನ ಕಮ್ಮಿ ಮಾಡುತ್ತೆ, ಸೆಮಾಗ್ಲುಟೈಡ್‌ನ ದೊಡ್ಡ ಟ್ರಯಲ್‌ನಲ್ಲಿ 68 ವಾರಕ್ಕೆ ಸರಾಸರಿ 15% ತೂಕ ಇಳೀತು. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದಿದ್ದರ ಮೂರನೇ ಎರಡು ಭಾಗ ವಾಪಸ್ ಬಂತು ಅನ್ನೋದೂ ಅದೇ ಟ್ರಯಲ್‌ನ ಮುಂದುವರಿದ ಭಾಗದಲ್ಲೇ ಇದೆ. ಇದರಲ್ಲೂ ಕೊಬ್ಬಿನ ಜೊತೆ ಮಾಂಸಖಂಡ ಸ್ವಲ್ಪ ಹೋಗುತ್ತೆ, ಮೊದಲೇ ಹೇಳಿದ ಯಾಜ್ಞಿಕ್ ಫೋಟೋ ನೆನಪಿಸ್ಕೊಳ್ಳಿ. ಶುಗರ್ ಇದ್ದು, ಮಂಡಿ ನೋವಿದ್ದು, ರಾತ್ರಿ ನಿದ್ದೇಲಿ ಉಸಿರು ಕಟ್ಟೋ ತೊಂದರೆ ಇದ್ದು, ಡಾಕ್ಟರ್ ನೋಡಿ ಬರೆದುಕೊಟ್ರೆ ತಗೊಳ್ಳೋದ್ರಲ್ಲಿ ನಾಚಿಕೆ ಏನೂ ಇಲ್ಲ, ಅದನ್ನ ಶಾರ್ಟ್‌ಕಟ್ಟು ಅಂತ ಆಡ್ಕೊಳ್ಳೋದೂ ಹಂಗಿಸೋದರ ಇನ್ನೊಂದು ರೂಪಾನೇ. ನವೆಂಬರಲ್ಲಿ ಮದುವೆ ಇದೆ ಅಂತ ಸೆಪ್ಟೆಂಬರಲ್ಲಿ ಚುಚ್ಚಿಸ್ಕೊಳ್ಳೋದು ಬೇರೆ ವಿಷಯ.

ಆಯ್ತು, ತೂಕ ಇಳೀಲೇ ಇಲ್ಲ ಅನ್ಕೊಳ್ಳಿ. ಎಲ್ಲಾ ದಂಡವಾ? ಚೆನ್ನೈಯಲ್ಲಿ ಡಾ. ರಾಮಚಂದ್ರನ್ ಮತ್ತವರ ತಂಡ ಶುಗರ್ ಬಾರ್ಡರಲ್ಲಿದ್ದ 531 ಜನರನ್ನ ತಗೊಂಡು ಮಾಡಿದ ಅಧ್ಯಯನ 2006ರಲ್ಲಿ ಬಂತು. ಊಟ ಸ್ವಲ್ಪ ತಿದ್ದಿ ದಿನಾ ಅರ್ಧ ಗಂಟೆ ನಡೀರಿ ಅಂದಿದ್ದು, ಅಷ್ಟೇ. ಮೂರು ವರ್ಷದಲ್ಲಿ ಸುಮ್ಮನೆ ಬಿಟ್ಟ ಗುಂಪಲ್ಲಿ 55% ಜನಕ್ಕೆ ಶುಗರ್ ಬಂತು, ಈ ಗುಂಪಲ್ಲಿ 39%. ಇವರ ತೂಕ ಹೇಳ್ಕೊಳ್ಳೋ ಅಷ್ಟು ಇಳಿದಿರ್ಲಿಲ್ಲ ಅನ್ನೋದೇ ಅದರಲ್ಲಿ ವಿಶೇಷ. ಮಷಿನ್ ಏನೂ ಆಗಿಲ್ಲ ಅಂತ ತೋರಿಸ್ತಿದ್ದಾಗ ಒಳಗೆ ಕೆಲಸ ನಡೀತಾನೇ ಇತ್ತು. ನಾನು ಪ್ರತಿ ಗುರುವಾರದ 75.9ಕ್ಕೆ ಇದನ್ನೇ ಹೇಳ್ಕೊಳ್ಳೋದು. ಮೈ ಒಪ್ಕೊಂಡಿದೀನಿ ಅಂತ ಹೇಳಿ ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ ಟೆಸ್ಟ್ ಮಾಡಿಸ್ದೇ ಇರೋದು ಮಾತ್ರ ನನಗೆ ಒಪ್ಪಿಗೆ ಇಲ್ಲ, ಅದು ಒಪ್ಕೊಳ್ಳೋದಲ್ಲ, ಕಣ್ಮುಚ್ಚೋದು.

ನಾನು ಏನ್ ಮಾಡ್ತೀನಿ ಅಂತ ಕೇಳೋರಿಗೆ ಹೇಳೋಕೆ ದೊಡ್ಡ ವಿಷಯ ಏನಿಲ್ಲ. ಬೆಳಿಗ್ಗೆ ಕೆರೆ ಸುತ್ತ ನಲವತ್ತು ನಿಮಿಷ, ವಾರಕ್ಕೆರಡು ದಿನ ಮನೇಲೇ ಡಂಬಲ್ಲು, ಸಾಂಬಾರಿಗೆ ಬೇಳೆ ಗಟ್ಟಿಗೆ, ಅನ್ನ ಒಂದು ಸೌಟು ಕಮ್ಮಿ, ಹಬ್ಬದ ದಿನ ಹಬ್ಬದೂಟ. 14 ತಿಂಗಳಲ್ಲಿ ಏಳು ಕೆಜಿ. ಅಂದ್ರೆ ತಿಂಗಳಿಗೆ ಅರ್ಧ ಕೆಜಿ, ಎನ್‌ಐಎನ್ ಹೇಳಿದ ಸ್ಪೀಡಿನ ಕಾಲು ಭಾಗ, ಇದನ್ನ ಯಾವ ಕಂಬಕ್ಕೆ ಅಂಟಿಸಿದ್ರೂ ಒಬ್ಬರೂ ಫೋಟೋ ಹೊಡ್ಕೊಳ್ಳಲ್ಲ.

ಮೊನ್ನೆ ಬ್ಲೌಸ್ ತಗೊಂಡು ಟೈಲರ್ ಹತ್ರ ಹೋಗಿದ್ದೆ, ಸಡಿಲ ಆಗ್ತಿತ್ತು. ಅವರು ಅಂಗಡಿ ಬಾಗಿಲ ಬೆಳಕಿಗೆ ಹಿಡಿದು ಒಳಗಡೆ ತಿರುಗಿಸಿದ್ರು, ಪಕ್ಕದಲ್ಲಿ ಎರಡು ಬೆರಳಗಲ ಬಟ್ಟೆ, ಅದರ ಮೇಲೆ ಸಾಲಾಗಿ ಮೂರು ಹೊಲಿಗೆ, ಮಧ್ಯದ್ದು ಬಿಚ್ಚಿದ ಗುರುತು. ಆ ಬಿಚ್ಚಿದ ವರ್ಷ ನಂಗೆ ಚೆನ್ನಾಗಿ ನೆನಪಿದೆ. ‘ಇನ್ನೊಂದು ಹೊಲಿಗೆ ಹಾಕ್ತೀನಿ ಮೇಡಂ, ಎಕ್ಸ್‌ಟ್ರಾ ಬಟ್ಟೆ ಕತ್ತರಿಸಿಬಿಡ್ಲಾ? ಇದ್ರೆ ಒಳಗೆ ಚುಚ್ಚುತ್ತೆ’ ಅಂದ್ರು. ಬೇಡ, ಇರ್ಲಿ ಬಿಡಿ, ಅಂದೆ. ಮೂವತ್ತು ರೂಪಾಯಿ ತಗೊಂಡ್ರು, ಶನಿವಾರ ಬನ್ನಿ ಅಂದ್ರು.